ಚಿತ್ರ ಚೆಂದ ಇದ್ದರೆ ಸಾಕಾ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಸೆಲೆಸ್ಟ್ ಆಟವನ್ನು ಅಷ್ಟೊಂದು ಹೊಗಳಿದ್ದೀರಿ. ಚಿತ್ರ ನೋಡಿದರೆ ಮೂವತ್ತು ವರ್ಷ ಹಳೇ ಆಟದ ಥರ ಇದೆ. ನಿಮಗೆ ನಿಜಕ್ಕೂ ಇಷ್ಟವಾದದ್ದು ಯಾವುದು, ಬೇಜಾರು ಮಾಡಿದ್ದು ಯಾವುದು? ನನ್ನ ಹಳೇ ಕಂಪ್ಯೂಟರ್‌ಗೆ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು ಅಂತಿದ್ದೇನೆ. ಹಾಕಿಸಲಾ?
– ಇಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಸಂಪಾದಕರ ಉತ್ತರ: ನಿಜಕ್ಕೂ ಇಷ್ಟ. ಸುಮ್ನೆ ಹೊಗಳಿದ್ದಲ್ಲ. ನಾನು ಆಟವನ್ನು ಅಳೆಯುವುದು ಬೆರಳಿನಿಂದ. ಬಟನ್ ಒತ್ತಿದಾಗ ಪರದೆಯ ಮೇಲಿನ ಗೊಂಬೆ ನನ್ನ ಮಾತು ಕೇಳುತ್ತದಾ, ಇಲ್ವಾ? ಚಿತ್ರದ ವಿಷಯ ಆಮೇಲೆ.

2018ರಲ್ಲಿ ಬಂದ ಸೆಲೆಸ್ಟ್‌ನಲ್ಲಿ ಮ್ಯಾಡೆಲಿನ್ ಎಂಬ ಹುಡುಗಿ ಬೆಟ್ಟ ಹತ್ತುತ್ತಾಳೆ, ಕಥೆ ಇಷ್ಟೇ. ಆದರೆ ಬಂಡೆಯ ಅಂಚಿನಿಂದ ಅವಳ ಕಾಲು ಆಚೆ ಹೋದ ಮೇಲೂ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಜಿಗಿಯುವ ಬಟನ್ ಕೆಲಸ ಮಾಡುತ್ತದೆ. ನೆಲ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಒತ್ತಿದರೂ ಆಟ ಅದನ್ನು ನೆನಪಿಟ್ಟುಕೊಂಡು, ಮುಟ್ಟಿದ ತಕ್ಷಣ ಜಿಗಿಸುತ್ತದೆ. ಆಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಸತ್ತಾಗಲೂ 'ತಪ್ಪು ನನ್ನದೇ, ಇನ್ನೊಂದು ಸಲ' ಅನ್ನಿಸುತ್ತದೆಯೇ ಹೊರತು ಆಟದ ಮೇಲೆ ಸಿಟ್ಟು ಬರುವುದಿಲ್ಲ. ಅಷ್ಟಾದರೂ ಕಷ್ಟವಾದರೆ ಆಟದ ವೇಗ ಕಡಿಮೆ ಮಾಡಿಕೊಳ್ಳುವ ಸೌಲಭ್ಯವೂ ಇದೆ. 1985ರ ಸೂಪರ್ ಮಾರಿಯೋದಲ್ಲೂ ಇಂಥದ್ದೇ ಜಾಣತನ ಇತ್ತು, ಬಟನ್ ಎಷ್ಟು ಹೊತ್ತು ಒತ್ತಿ ಹಿಡಿಯುತ್ತೀರೋ ಅಷ್ಟು ಎತ್ತರ ಜಿಗಿತ. ತೊಂಬತ್ತರ ದಶಕದಲ್ಲಿ ನಮ್ಮ ಊರಿನ ಮನೆಗಳಲ್ಲಿ ಟಿವಿಗೆ ಸಿಕ್ಕಿಸುತ್ತಿದ್ದ ನಕಲಿ ಗೇಮ್ ಡಬ್ಬಿಗಳಲ್ಲೂ, ಹಳದಿ ಕ್ಯಾಸೆಟ್ ಹಾಕಿದರೆ, ಆ ಜಿಗಿತ ಹಾಗೇ ಉಳಿದಿತ್ತು ನೋಡಿ.

ಇನ್ನು ಬೇಜಾರಿನ ವಿಷಯ. 2021ರ ನವೆಂಬರ್‌ನಲ್ಲಿ ಜಿಟಿಎ ಎಂಬ ಆಟದ ಸರಣಿಯ ಮೂರು ಹಳೇ ಆಟಗಳನ್ನು ಹೊಸದು ಮಾಡಿ ಒಟ್ಟಿಗೆ ಬಿಟ್ಟರು. ಅವುಗಳಲ್ಲಿ ವೈಸ್ ಸಿಟಿ ಅಂದರೆ ನನಗೆ ಪ್ರಾಣ. ಹೊಸದರಲ್ಲಿ ಮಳೆ ಬಂದರೆ ಪರದೆ ತುಂಬಾ ಬಿಳಿ ಗೆರೆ, ಮುಂದಿನ ರಸ್ತೆಯೇ ಕಾಣುತ್ತಿರಲಿಲ್ಲ. ಪಾತ್ರಗಳ ಮುಖ ಊದಿಕೊಂಡಿತ್ತು. ಅದಕ್ಕಿಂತ ನೋವಾಗಿದ್ದು, ಚೆನ್ನಾಗಿ ಓಡುತ್ತಿದ್ದ ಹಳೇ ಆಟಗಳನ್ನು ಅದಕ್ಕೆ ಮೊದಲೇ ಆನ್‌ಲೈನ್ ಅಂಗಡಿಗಳಿಂದ ತೆಗೆದಿದ್ದು. ಅದೇ ತಿಂಗಳು ಜಿಟಿಎಯ ಕಂಪನಿ ರಾಕ್‌ಸ್ಟಾರ್ ಕ್ಷಮೆ ಕೇಳಿತು, ಕಂಪ್ಯೂಟರ್‌ನ ಹಳೇ ಆವೃತ್ತಿಗಳನ್ನು ವಾಪಸ್ ತರುವುದಾಗಿಯೂ ಹೇಳಿತು. ಸೈಬರ್‌ಪಂಕ್ ಎಂಬ ಆಟದ ಕಥೆಯೂ ಗೊತ್ತಲ್ವಾ? 2020ರ ಡಿಸೆಂಬರ್ 10ಕ್ಕೆ ಬಂತು, ವಾರ ಕಳೆಯುವಷ್ಟರಲ್ಲಿ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿತು. 2023ರ ದೊಡ್ಡ ಅಪ್‌ಡೇಟ್ ಆದ ಮೇಲೆ ಅದು ಒಳ್ಳೇ ಆಟ, ಒಪ್ಪುತ್ತೇನೆ. ಆದರೆ ಮೊದಲ ದಿನ ಪೂರ್ತಿ ದುಡ್ಡು ಕೊಟ್ಟವರು ಅರ್ಧ ಬೆಂದದ್ದನ್ನು ತಿಂದರು. ಮುಂಗಡ ಮಾತ್ರ ಕಟ್ಟಬೇಡಿ.

ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ವಿಷಯದಲ್ಲಿ ನನಗೆ ಇನ್ನೂ ಜಾಸ್ತಿ ಸಿಟ್ಟಿದೆ. ನೀವು ಮುಟ್ಟದಿದ್ದರೂ ಗೊಂಬೆ ತಾನೇ ಒಂದು ಕಡೆ ನಡೆಯುತ್ತಾ ಹೋಗುವುದನ್ನು ಡ್ರಿಫ್ಟ್ ಅನ್ನುತ್ತಾರೆ. ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್ ಬಿಚ್ಚಿದರೆ ಒಳಗೆ ಕಪ್ಪು ಇಂಗಾಲದ ಪಟ್ಟಿ, ಅದರ ಮೇಲೆ ಉಜ್ಜುತ್ತಾ ಓಡಾಡುವ ಪುಟ್ಟ ಲೋಹದ ನಾಲಿಗೆ ಇರುತ್ತದೆ. ಆಡಿದಷ್ಟೂ ಪಟ್ಟಿ ಸವೆಯುತ್ತದೆ, ಪುಡಿ ಉದುರುತ್ತದೆ, ಆಮೇಲೆ ಸ್ಟಿಕ್ ನಡುವೆ ನಿಂತಿದ್ದರೂ ಯಂತ್ರಕ್ಕೆ ಹಾಗೆ ತಿಳಿಯುವುದಿಲ್ಲ. 2017ರಲ್ಲಿ ಬಂದ ನಿಂಟೆಂಡೋದ ಆಟದ ಯಂತ್ರ ಸ್ವಿಚ್‌ನಲ್ಲಿ ಈ ದೂರು ಎಷ್ಟು ಬೆಳೆಯಿತೆಂದರೆ 2020ರಲ್ಲಿ ನಿಂಟೆಂಡೋ ಅಧ್ಯಕ್ಷರೇ ಕ್ಷಮೆ ಕೇಳಬೇಕಾಯಿತು. ಇದಕ್ಕೆ ಪರಿಹಾರ ಇರಲಿಲ್ಲವಾ? ಇತ್ತು. ಆಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಸೆನ್ಸರ್‌ನಲ್ಲಿ ಒಂದಕ್ಕೊಂದು ಉಜ್ಜುವ ಭಾಗವೇ ಇಲ್ಲ, ಸೆಗಾ ಕಂಪನಿ ಅದನ್ನು 1998ರ ತನ್ನ ಆಟದ ಯಂತ್ರ ಡ್ರೀಮ್‌ಕಾಸ್ಟ್‌ನ ಕಂಟ್ರೋಲರ್‌ನಲ್ಲೇ ಹಾಕಿತ್ತು. ಈಗ ಕಡಿಮೆ ಬೆಲೆಯ ಕಂಟ್ರೋಲರ್‌ಗಳಲ್ಲೂ ಸಿಗುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲೆ ಆ ಹೆಸರಿದೆಯಾ ನೋಡಿ.

ಇನ್ನು ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ವಿಷಯ. ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕ್ ಬದಲು ಬಳಸುವ ವೇಗದ ಸಂಗ್ರಹ, ಇಲ್ಲದಿದ್ದರೆ ಅದನ್ನು ಹಾಕಿಸಿ, ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪವರ್ ಸಪ್ಲೈ ಹೊಸ ಕಾರ್ಡ್‌ನ ಭಾರ ತಡೆಯುತ್ತದಾ ವಿಚಾರಿಸಿ. ಹಳೇ ಕಾರ್ಡ್‌ನ ಒಳಗಿನ ಬಯೋಸ್ ಎಂಬ ಮೂಲ ತಂತ್ರಾಂಶ ಬದಲಿಸಿ, ದೊಡ್ಡ ಕಾರ್ಡ್‌ನ ಹೆಸರು ತೋರಿಸುವಂತೆ ಮಾಡಿ ಮಾರುವವರಿದ್ದಾರೆ. ವಿಂಡೋಸ್ ತೋರಿಸುವ ಹೆಸರನ್ನು ನಂಬಬೇಡಿ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂಥ ಎಷ್ಟೋ ಕಾರ್ಡ್‌ಗಳನ್ನು ನಕಲಿ ಎಂದು ಗುರುತಿಸುತ್ತದೆ. ಇನ್ನು ನಮ್ಮೂರಿನ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ಫ್ಯಾನ್‌ನಲ್ಲಿ ಧೂಳು ಕಟ್ಟಿ, ಚಿಪ್‌ನ ಬಿಸಿ ಹೊರಗೆ ಸಾಗಿಸುವ ಪೇಸ್ಟ್ ಒಣಗಿದ ಕಾರ್ಡ್ ಬಿಸಿಯಾದ ಕೂಡಲೇ ತಾನಾಗಿ ವೇಗ ಇಳಿಸುತ್ತದೆ, ಆಟ ತಡವರಿಸುತ್ತದೆ. ಹಾಗಾಗಿ ಮಾರುವವರ ಎದುರಲ್ಲೇ ಅರ್ಧ ಗಂಟೆ ಭಾರದ ಆಟ ಓಡಿಸಿ ನೋಡಿ. ಅದಕ್ಕೆ ಒಪ್ಪದಿದ್ದರೆ ಎದ್ದು ಬನ್ನಿ. ಯಾವ ಕಾರ್ಡ್, ಎಷ್ಟು ಬೆಲೆ ಅಂತ ನೀವು ಬರೆದಿಲ್ಲ. ದುಡ್ಡು ಕೊಡುವ ಮೊದಲು ಬರೆದು ಕಳಿಸಿ, ನೋಡಿ ಹೇಳುತ್ತೇನೆ.