ವಾಲ್ ಸ್ಟ್ರೀಟಿನ ಗೋಡೆ ಎಲ್ಲಿ ಹೋಯಿತು?

ಪ್ರಶ್ನೆ: ನ್ಯೂಯಾರ್ಕಿನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ವಾಲ್ ಸ್ಟ್ರೀಟಿನಲ್ಲಿ ನಿಜಕ್ಕೂ ಗೋಡೆ ಇತ್ತೇ? ಅಲ್ಲಿ ಏನೇನು ನೋಡಬಹುದು?
– ಓದುಗರೊಬ್ಬರು, ಹಾಸನ

ಉತ್ತರ: ಇತ್ತು. 1653ರಲ್ಲಿ ಡಚ್ಚರು ತಮ್ಮ ಊರಿನ ಉತ್ತರದ ಅಂಚಿಗೆ ಮರದ ಗೋಡೆ ಕಟ್ಟಿದ್ದರು. 1699ರಲ್ಲಿ ಇಂಗ್ಲಿಷರ ಆಳ್ವಿಕೆಯಲ್ಲಿ ಅದನ್ನು ಕೆಡವಲಾಯಿತು. ಈ ಬೀದಿಗೆ ಹೆಸರು ತಂದ ಷೇರುಪೇಟೆಯ ಬೇರು 1792ರ ಮೇ 17ರಂದು 24 ದಲ್ಲಾಳಿಗಳು ಸಹಿ ಹಾಕಿದ ಒಪ್ಪಂದದಲ್ಲಿದೆ.

4 ಅಥವಾ 5ನೇ ನಂಬರಿನ ಸಬ್‌ವೇ ರೈಲು ಹಿಡಿದು ವಾಲ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿಯಿರಿ. ಮೇಲೆ ಬಂದರೆ ಟ್ರಿನಿಟಿ ಚರ್ಚು. ಅದಕ್ಕೆ ಬೆನ್ನು ಮಾಡಿ ನಡೆದರೆ ಎಡಕ್ಕೆ ಫೆಡರಲ್ ಹಾಲ್. 1789ರಲ್ಲಿ ವಾಷಿಂಗ್ಟನ್ ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದ್ದು ಇದೇ ಜಾಗದಲ್ಲಿ. ಕಟ್ಟಡ ಮಾತ್ರ 1842ರದು.

ಅದರ ಎದುರಿನ 23ನೇ ನಂಬರಿನ ಕಟ್ಟಡವನ್ನು ದಯವಿಟ್ಟು ತಪ್ಪಿಸಬೇಡಿ. 1920ರ ಸೆಪ್ಟೆಂಬರ್ 16ರಂದು ಕುದುರೆಗಾಡಿಯಲ್ಲಿಟ್ಟ ಬಾಂಬು ಸಿಡಿದು 30ಕ್ಕೂ ಹೆಚ್ಚು ಜನ ಸತ್ತರು. ಚೂರುಗಳು ಬಡಿದು ಕಲ್ಲಿನಲ್ಲಿ ಎದ್ದ ಗುಳಿಗಳನ್ನು ಹಾಗೇ ಬಿಟ್ಟಿದ್ದಾರೆ, ಬೆರಳಿಟ್ಟು ನೋಡಬಹುದು.

ಷೇರುಪೇಟೆಯ ಏರಿಕೆಯ ಸಂಕೇತವಾದ ಕಂಚಿನ ಗೂಳಿಯನ್ನು ಅನೇಕರು ಇಲ್ಲೇ ಹುಡುಕಿ ಸುಸ್ತಾಗುತ್ತಾರೆ. ಅದಿರುವುದು ಬ್ರಾಡ್‌ವೇ ಹಿಡಿದು ದಕ್ಷಿಣಕ್ಕೆ ನಡೆದರೆ ಸಿಗುವ ಬೌಲಿಂಗ್ ಗ್ರೀನ್ ಎಂಬ ಪುಟ್ಟ ಉದ್ಯಾನದ ಬಳಿ. ಫೋಟೋಗೆ ನೂಕುನುಗ್ಗಲು, ಬೆಳಿಗ್ಗೆ ಬೇಗ ಹೋಗಿ.