ಫಂಗಸ್ ಮಾತ್ರೆ ಶುರುವಾದಾಗ ಕಿಡ್ನಿ ಮಾತ್ರೆ ಇಳಿಸಿದ್ದೇಕೆ?

ಪ್ರಶ್ನೆ: ತಮ್ಮನಿಗೆ ಅಮ್ಮನ ಕಿಡ್ನಿ ಹಾಕಿ ಎಂಟು ತಿಂಗಳಾಯಿತು. ಹೋದ ತಿಂಗಳು ಜ್ವರ, ಕೆಮ್ಮು, ಕಫದಲ್ಲಿ ರಕ್ತ. ಶ್ವಾಸಕೋಶಕ್ಕೆ ಆಸ್ಪರ್ಜಿಲಸ್ ಫಂಗಸ್ ತಗುಲಿದೆ ಎಂದರು. ವೊರಿಕೊನಜೋಲ್ ಕೊಟ್ಟು, ಟ್ಯಾಕ್ರೊಲಿಮಸ್ ಮಾತ್ರೆಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದ್ದಾರೆ. ಕಿಡ್ನಿ ಹಾಳಾಗುತ್ತದೆಂದು ಅಮ್ಮನಿಗೆ ಭಯ. ಹಳೇ ಡೋಸೇ ಕೊಡೋಣ ಅಂತಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅವರಿಗೂ ಅಂಟುತ್ತದಾ?
– ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಹಳೇ ಡೋಸ್ ಖಂಡಿತ ಬೇಡ. ತನ್ನ ಕಿಡ್ನಿಯನ್ನೇ ಕೊಟ್ಟ ತಾಯಿ ಹೆದರುವುದು ಸಹಜ ಅಲ್ವಾ? ಕಾರಣ ತಿಳಿದರೆ ಅವರಿಗೂ ಸಮಾಧಾನವಾದೀತು. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ಟ್ಯಾಕ್ರೊಲಿಮಸ್. ಅದು ನಮ್ಮ ಲಿವರ್‌ನಲ್ಲಿರುವ ಒಂದು ಕಿಣ್ವದಿಂದ ಕರಗುತ್ತದೆ. ವೊರಿಕೊನಜೋಲ್ ಆ ಕಿಣ್ವವನ್ನು ತಡೆಯುತ್ತದೆ. ಹಾಗಾಗಿ ಕಡಿಮೆ ಮಾತ್ರೆ ನುಂಗಿದರೂ ರಕ್ತದಲ್ಲಿ ಬೇಕಾದಷ್ಟು ಔಷಧಿ ಉಳಿಯುತ್ತದೆ. ಹಳೇ ಡೋಸ್ ಕೊಟ್ಟರೆ ಅದು ವಿಪರೀತ ಏರಿ ಕೈ ನಡುಗುತ್ತದೆ, ಕಿಡ್ನಿಗೇ ಪೆಟ್ಟು ಬೀಳುತ್ತದೆ, ಫಂಗಸ್ ಇನ್ನೂ ಹರಡುತ್ತದೆ. ಟ್ಯಾಕ್ರೊಲಿಮಸ್ ಮಟ್ಟವನ್ನು ಆಗಾಗ ಪರೀಕ್ಷಿಸುತ್ತಾರೆ. ಆ ದಿನ ರಕ್ತ ಕೊಟ್ಟ ಮೇಲೆಯೇ ಬೆಳಗಿನ ಮಾತ್ರೆ ನುಂಗಬೇಕು.

ಕಸಿ ಆದವರ ಶ್ವಾಸಕೋಶ ನೋಡುವ ವೈದ್ಯೆಯಾಗಿ ನನಗೆ ಜಾಸ್ತಿ ಚಿಂತೆ ವೊರಿಕೊನಜೋಲ್ ನಿಲ್ಲಿಸುವ ವಾರದ್ದು. ಚಿಕಿತ್ಸೆ ಕಡಿಮೆ ಎಂದರೂ 6ರಿಂದ 12 ವಾರ, ಹಲವರಿಗೆ ಇನ್ನೂ ಹೆಚ್ಚು. ನಿಲ್ಲಿಸಿದ ಮೇಲೆ ಕಿಣ್ವ ಮತ್ತೆ ಕೆಲಸ ಶುರು ಮಾಡುತ್ತದೆ, ಕೆಲವೇ ದಿನಗಳಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಇಳಿಯುತ್ತದೆ. ಆಗ ಡೋಸ್ ಏರಿಸದಿದ್ದರೆ ದೇಹ ಕಿಡ್ನಿಯನ್ನು ತಿರಸ್ಕರಿಸಬಹುದು. ಕೆಮ್ಮು ಹೋಯಿತೆಂದೋ, ದುಡ್ಡು ಸಾಲದೆಂದೋ ನೀವಾಗಿಯೇ ನಿಲ್ಲಿಸಬೇಡಿ. ಖರ್ಚು ಕಷ್ಟವಾದರೆ ಸಂಕೋಚ ಬಿಟ್ಟು ಹೇಳಿ, ದಾರಿ ಹುಡುಕಬಹುದು. ಎದೆ ಡಾಕ್ಟರು ಮಾತ್ರೆ ನಿಲ್ಲಿಸಲು ಹೇಳಿದರೆ ಅವತ್ತೇ ಕಿಡ್ನಿ ಡಾಕ್ಟರಿಗೆ ತಿಳಿಸಿ.

ಮ್ಯೂಕರ್ ಎಂಬ ಬೇರೆ ಫಂಗಸ್ ಆಗಿದ್ದರೆ ವೊರಿಕೊನಜೋಲ್ ನಾಟುವುದಿಲ್ಲ, ಕಿಡ್ನಿಗೆ ಪೆಟ್ಟು ಕೊಡಬಲ್ಲದಾದರೂ ಆಂಫೊಟೆರಿಸಿನ್ ಎಂಬ ಔಷಧಿ ಕೊಡಬೇಕಾಗುತ್ತದೆ. ನಿಮ್ಮ ತಮ್ಮನದು ಅದಲ್ಲ.

ಮಕ್ಕಳಿಗೆ ಅವನಿಂದ ಅಂಟುವುದಿಲ್ಲ. ಈ ಫಂಗಸ್‌ನ ಕಣಗಳು ಗಾಳಿಯಲ್ಲೇ ಇವೆ. ಆರೋಗ್ಯವಂತರ ದೇಹ ಅದನ್ನು ತಡೆದುಕೊಳ್ಳುತ್ತದೆ. ಆದರೆ ನಿಮ್ಮ ತಮ್ಮನು ಗೊಬ್ಬರದ ಗುಂಡಿ, ಹುಲ್ಲಿನ ಬಣವೆ, ಅಡಿಕೆ ಸುಲಿಯುವ ದೂಳಿನಿಂದ ದೂರವಿರಲಿ. ವೊರಿಕೊನಜೋಲನ್ನು ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ ನುಂಗಲಿ. ಬಿಸಿಲಿಗೆ ಹೋಗುವಾಗ ತುಂಬುತೋಳಿನ ಅಂಗಿ, ಟೋಪಿ ಇರಲಿ, ಚರ್ಮ ಬೇಗ ಸುಡುತ್ತದೆ. ಚಕ್ಕೋತ ಹಣ್ಣು ಬೇಡ, ಅದೂ ಟ್ಯಾಕ್ರೊಲಿಮಸ್ ಮಟ್ಟ ಏರಿಸಬಲ್ಲದು.