ಬಹುವಚನ ಬಿಡಬೇಡಿ

ವಿಜಯನಗರದ ಓದುಗರೊಬ್ಬರ ಪತ್ರ: ಮಾಗಡಿ ರಸ್ತೆ ಸಿಗ್ನಲ್‌ನಲ್ಲಿ ಅವರ ಸ್ಕೂಟರ್ ಕಾರೊಂದಕ್ಕೆ ತಾಗಿತು. ಕಾರಿನವನು ಇಳಿದು ಬಂದು ಕೊರಳಪಟ್ಟಿ ಹಿಡಿದ. ಇವರು ‘ತಪ್ಪಾಯ್ತು’ ಎಂದು ಹೇಳಿ ಬಂದುಬಿಟ್ಟರು. ಮನೆಯಲ್ಲಿ ಮಗ, ‘ಎರಡು ಬಾರಿಸಬೇಕಿತ್ತಪ್ಪಾ’ ಅಂದನಂತೆ. ‘ನಾನು ಹೇಡಿಯೇ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ: ಖಂಡಿತ ಅಲ್ಲ ಸ್ವಾಮಿ. ಅವನು ‘ಕಣ್ ಕಾಣ್ಸಲ್ವೇನೋ’ ಎಂದು ಕೂಗಾಡಿದರೂ ನೀವು ಕೊನೆಯವರೆಗೆ ‘ನೋಡಿ ಸಾರ್’ ಎಂದೇ ಮಾತಾಡಿದ್ದೀರಿ. ನಿಮ್ಮನ್ನು ಉಳಿಸಿದ್ದು ಅದೇ. ನಮ್ಮ ಬೀದಿ ಜಗಳ ಬಂಪರಿನ ಗೀರಿಗಾಗಿ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗುವುದು ಕಡಿಮೆ. ‘ನೀವು’ ಹೋಗಿ ‘ನೀನು’ ಬಂದಾಗ ಹೋಗುತ್ತದೆ. ‘ಯಾರಿಗೋ ಹೋಗೋ ಬಾರೋ ಅಂತೀಯ?’ ಎಂದ ಮೇಲೆ ಗಾಡಿ ಮರೆತೇ ಹೋಗಿರುತ್ತದೆ, ನೆರೆದ ಜನರ ಮುಂದೆ ಮರ್ಯಾದೆಯೊಂದೇ ಉಳಿದಿರುತ್ತದೆ. ಪಾರ್ಕಿಂಗ್ ಜಾಗಕ್ಕಾಗಿ ಒಮ್ಮೆ ನಾನೂ ಏಕವಚನಕ್ಕೆ ಇಳಿದಿದ್ದೆ. ಎದುರಿನವನ ಕೈ ಸೀಟಿನಡಿಯ ಸ್ಪ್ಯಾನರ್‌ಗೆ ಹೋದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹೂ ಮಾರುವ ಅಜ್ಜಿಯೊಬ್ಬರು ‘ಬಿಡ್ರಪ್ಪಾ’ ಎನ್ನುತ್ತ ನಡುವೆ ಬಂದು ನಿಂತರು. ಬದುಕಿಕೊಂಡೆವು, ಇಬ್ಬರೂ.

ಮಗನಿಗೆ ಪಟಿಯಾಲದ ಪ್ರಕರಣ ಹೇಳಿ. 1988ರ ಡಿಸೆಂಬರ್ 27ರಂದು ವಾಹನ ನಿಲ್ಲಿಸಿದ ವಿಷಯಕ್ಕೆ ಕ್ರಿಕೆಟಿಗ ನವಜೋತ್ ಸಿಂಗ್ ಸಿಧುವಿಗೂ 65 ವರ್ಷದ ಹಿರಿಯರೊಬ್ಬರಿಗೂ ಜಗಳವಾಯಿತು. ಪೆಟ್ಟು ತಿಂದ ಹಿರಿಯರು ತೀರಿಕೊಂಡರು. 2018ರಲ್ಲಿ ಸುಪ್ರೀಂ ಕೋರ್ಟ್ ಸಾವಿರ ರೂಪಾಯಿ ದಂಡ ಹಾಕಿತ್ತು. ಮರುಪರಿಶೀಲನೆಯ ನಂತರ 2022ರ ಮೇ ತಿಂಗಳಲ್ಲಿ ಒಂದು ವರ್ಷದ ಕಠಿಣ ಸಜೆ ವಿಧಿಸಿತು. ರಸ್ತೆಯ ಮೇಲಿನ ಒಂದು ಸಿಟ್ಟು ಎರಡೂ ಮನೆಗಳ 33 ವರ್ಷ ತಿಂದಿತು.

‘ಆತ್ಮರಕ್ಷಣೆಗೆ ಹೊಡೆಯಬಹುದಲ್ಲ?’ ಎಂದು ಮಗ ಕೇಳಬಹುದು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಆ ಹಕ್ಕು ಕೊಡುತ್ತವೆ, ನಿಜ. ಆದರೆ ಅಗತ್ಯಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ.

ಇನ್ನು ಮುಂದೆ ಇಂಥದ್ದಾದರೆ ಹೆಲ್ಮೆಟ್ ತೆಗೆಯಬೇಡಿ. ತಳ್ಳಾಟದಲ್ಲಿ ಬಿದ್ದು ಫುಟ್‌ಪಾತ್ ಕಲ್ಲಿಗೆ ತಲೆ ಬಡಿಯುವುದು ಎಷ್ಟೋ ಸಲ ಏಟಿಗಿಂತ ಅಪಾಯ. ಮುಖದ ಮುಂದೆ ಮೊಬೈಲ್ ಹಿಡಿದು ವಿಡಿಯೊ ಮಾಡಿದರೆ ಎದುರಿನವನು ಇನ್ನಷ್ಟು ಕೆರಳುತ್ತಾನೆ. ಹಿಂದೆ ಸರಿದು 112ಕ್ಕೆ ಫೋನ್ ಮಾಡಿ. ಕಾರಿನಲ್ಲಿದ್ದರೆ ಗಾಜು ಏರಿಸಿ, ಡೋರ್ ಲಾಕ್ ಮಾಡಿಕೊಳ್ಳಿ. ಬೆನ್ನು ಹತ್ತಿದರೆ ಮನೆ ಕಡೆ ಹೋಗದೆ ಠಾಣೆಗೋ ಜನರಿರುವ ಪೆಟ್ರೋಲ್ ಬಂಕಿಗೋ ತಿರುಗಿಸಿ.

ಕಾರಿನ ನಂಬರ್ ನೆನಪಿದೆ ಎಂದು ಬರೆದಿದ್ದೀರಿ. ಕೊರಳಪಟ್ಟಿ ಹಿಡಿದದ್ದು ಅಪರಾಧವೇ. ದೂರು ಕೊಡಲು ಹೋಗುವಾಗ ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ.